ಉತ್ತರ ಕೊಡುವವರನ್ನು ಮೊದಲು ಕೂರಿಸಿ: ಆನ್‌ಲೈನ್ ರಾಜಕೀಯ ಚರ್ಚೆಗೆ ಜನ ಬರುವಂತೆ ಮಾಡುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗ್ರಾಮಸಭೆಗೆ ಯಾಕೆ ಹೋಗಲಿಲ್ಲ ಎಂದು ಹಳ್ಳಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಶಾಮಿಯಾನ ಚೆನ್ನಾಗಿರಲಿಲ್ಲ, ಮೈಕು ಕೇಳಿಸುತ್ತಿರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ‘ಹೋದ ಸಲ ಹೇಳಿದ್ದೇ ಆಗಿಲ್ಲ, ಈ ಸಲ ಹೋಗಿ ಏನು ಮಾಡೋದು’ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ರಾಜಕೀಯ ಚರ್ಚೆಗೆ ಜಾಗ ಮಾಡಿಕೊಡಲು ಹೊರಟವರು ಮಾತ್ರ, ಜನ ಬಾರದಿದ್ದಾಗ ಶಾಮಿಯಾನವನ್ನೇ ಬದಲಿಸುತ್ತಾರೆ. ಹೊಸ ಬಣ್ಣ ಬರುತ್ತದೆ, ಹೆಚ್ಚು ಬರೆದವರಿಗೆ ಅಂಕ ಬರುತ್ತದೆ, ಪದಕ ಬರುತ್ತದೆ. ಎರಡು ವಾರ ಗಲಗಲ ಅನ್ನುತ್ತದೆ, ಆಮೇಲೆ ಮತ್ತೆ ಖಾಲಿ. ಕೊನೆಗೆ ಉಳಿಯುವವರು ಹತ್ತು ಹದಿನೈದು ಜನ, ಅವರೂ ಒಬ್ಬರನ್ನೊಬ್ಬರು ಬೈದುಕೊಳ್ಳಲೆಂದೇ ಬರುವವರು.

ಹಾಗಾಗಿ ಇವತ್ತಿನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಜನರನ್ನು ಸೆಳೆಯುವ ಮುಖ್ಯ ಭಾಗ ಮೊಬೈಲ್ ಪರದೆಯ ಮೇಲೆ ಇರುವುದೇ ಇಲ್ಲ. ಚರ್ಚೆ ಮುಗಿದ ಮೇಲೆ ಯಾರು ಉತ್ತರ ಕೊಡುತ್ತಾರೆ, ಎಷ್ಟು ದಿನದೊಳಗೆ ಕೊಡುತ್ತಾರೆ, ಬರಹದಲ್ಲಿ ಕೊಡುತ್ತಾರೋ ಇಲ್ಲವೋ, ಇದು ಮೊದಲು ಗೊತ್ತಾಗಬೇಕು. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಕಟ್ಟಿಕೊಂಡು ಬರಬೇಕು.

ಎರಡು ಕಡೆಯ ಲೆಕ್ಕ

ಸ್ಪೇನ್‌ನ ಮ್ಯಾಡ್ರಿಡ್ ನಗರಾಡಳಿತ 2015ರ ಸೆಪ್ಟೆಂಬರ್‌ನಲ್ಲಿ ‘ದೆಸಿದೆ ಮಾದ್ರಿದ್’ ಎಂಬ ವೇದಿಕೆ ತೆರೆಯಿತು. ಅದರ ಹಿಂದಿದ್ದ ‘ಕಾನ್ಸುಲ್’ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದಿತ್ತು. ಆಮೇಲೆ ಬೇರೆ ಬೇರೆ ದೇಶದ ನಗರಗಳು ಬಳಸಿಯೂ ಕೊಂಡವು. ನಿಯಮ ಸರಳವಾಗಿತ್ತು: ಯಾರಾದರೂ ಪ್ರಸ್ತಾವ ಹಾಕಬಹುದು, 16 ವರ್ಷ ದಾಟಿದ ನಿವಾಸಿಗಳಲ್ಲಿ ಶೇ. 1ರಷ್ಟು ಜನ ಬೆಂಬಲಿಸಿದರೆ ಅದು ನಗರದ ಮತಕ್ಕೆ ಹೋಗುತ್ತದೆ. ಶೇ. 1 ಎಂದರೆ ಕೇಳಲು ಚಿಕ್ಕದು. ಮ್ಯಾಡ್ರಿಡ್‌ನಲ್ಲಿ ಅದು ಸುಮಾರು 27,000 ಜನ. ಸಾವಿರಾರು ಪ್ರಸ್ತಾವಗಳು ಬಂದವು. 2017ರ ಫೆಬ್ರವರಿಯ ಮತದಾನದ ಹೊತ್ತಿಗೆ ಗಡಿ ದಾಟಿದ್ದು ಎರಡೇ ಎರಡು: ಎಲ್ಲ ಸಾರಿಗೆಗೂ ಒಂದೇ ಟಿಕೆಟ್ ಬೇಕೆಂಬುದು, ನಗರ ಪೂರ್ತಿ ಪರಿಸರಸ್ನೇಹಿ ಆಗಬೇಕೆಂಬುದು.

ಜನರಿಗೆ ಆಸಕ್ತಿ ಇರಲಿಲ್ಲವೇ? ಅದೇ ವೇದಿಕೆಯಲ್ಲಿ, ಅದೇ ಜನ, ನಗರದ ಬಜೆಟ್‌ನ ಒಂದು ಪಾಲನ್ನು ಎಲ್ಲಿ ಖರ್ಚು ಮಾಡಬೇಕೆಂದು ಹೇಳಲು ಮುಂದೆ ಬಂದರು. 2016ರಲ್ಲಿ ಅದಕ್ಕೆಂದು 6 ಕೋಟಿ ಯೂರೋ ಇಟ್ಟಿದ್ದರು, ಮರುವರ್ಷ 10 ಕೋಟಿ. ಅಲ್ಲಿ ಗೆದ್ದ ಯೋಜನೆಗೆ ಹಣ ಸಿಗುವುದು ಖಚಿತವಿತ್ತು, ತಾರೀಕು ಗೊತ್ತಿತ್ತು. ಪ್ರಸ್ತಾವದ ಬದಿಯಲ್ಲಿ ಇನ್ನೊಂದು ತೊಡಕೂ ಇತ್ತು: ಒಂದೇ ವಿಷಯಕ್ಕೆ ಹತ್ತು ಜನ ಹತ್ತು ಪ್ರಸ್ತಾವ ಹಾಕಿದಾಗ ಬೆಂಬಲ ಹತ್ತು ಪಾಲಾಗುತ್ತದೆ. ಮೊದಲ ಪುಟದಿಂದ ಕೆಳಗಿಳಿದ ಪ್ರಸ್ತಾವವನ್ನು ಮತ್ತೆ ಯಾರೂ ನೋಡುವುದಿಲ್ಲ.

ಈಗ ತೈವಾನ್ ನೋಡಿ. ಅಲ್ಲಿನ ಸರ್ಕಾರದ ‘ಜಾಯಿನ್’ ವೇದಿಕೆ 2015ರಲ್ಲಿ ಶುರುವಾಯಿತು. ದೇಶದ ಜನಸಂಖ್ಯೆ 2.3 ಕೋಟಿ. 60 ದಿನದಲ್ಲಿ 5,000 ಸಹಿ ಬಿದ್ದರೆ ಸಂಬಂಧಪಟ್ಟ ಸಚಿವಾಲಯ ಎರಡು ತಿಂಗಳೊಳಗೆ ಬರಹದಲ್ಲಿ ಉತ್ತರ ಕೊಡಬೇಕು. ‘ಒಪ್ಪಿಕೊಳ್ಳಬೇಕು’ ಎಂದಿಲ್ಲ, ‘ಉತ್ತರಿಸಬೇಕು’ ಎಂದಿದೆ. ಆ ಒಂದು ಮಾತು ಬಹಳ ಕೆಲಸ ಮಾಡಿತು. 2017ರಲ್ಲಿ ಒಬ್ಬರು, ತೆರಿಗೆ ಸಲ್ಲಿಸುವ ತಂತ್ರಾಂಶ ಬಳಸಲು ಅಸಾಧ್ಯವಾಗಿದೆ ಎಂದು ಸಿಟ್ಟಿನಿಂದ ಬರೆದರು. ಇಲಾಖೆಯವರು ಬೈದವರನ್ನೇ ಕರೆದು, ಜೊತೆಯಲ್ಲಿ ಕೂರಿಸಿಕೊಂಡು ಮರುವಿನ್ಯಾಸ ಮಾಡಿಸಿದರು. ಒಬ್ಬ ಶಾಲಾ ವಿದ್ಯಾರ್ಥಿನಿ ಅಡ್ಡಹೆಸರಿನಲ್ಲಿ, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ಲೋಟಗಳ ವಿರುದ್ಧ ಮನವಿ ಹಾಕಿದಳು, 5,000 ದಾಟಿತು. 2019ರ ಜುಲೈ 1ರಿಂದ ಕೆಲವು ಬಗೆಯ ಹೋಟೆಲು ಅಂಗಡಿಗಳಲ್ಲಿ ಕೂತು ತಿನ್ನುವವರಿಗೆ ಪ್ಲಾಸ್ಟಿಕ್ ಸ್ಟ್ರಾ ಕೊಡುವುದು ನಿಂತಿತು. ಇದರ ಹಿಂದೆ ಕಾಣದ ಒಂದು ಏರ್ಪಾಟಿದೆ: 2017ರಿಂದ ಪ್ರತಿ ಸಚಿವಾಲಯದಲ್ಲೂ ಇದಕ್ಕೆಂದೇ ಅಧಿಕಾರಿಗಳನ್ನು ಗೊತ್ತುಮಾಡಿದ್ದಾರೆ. ಮನವಿ ಯಾರ ಮೇಜಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿದೆ.

ಗಡಿ ಎಷ್ಟಿಡಬೇಕು ಎಂದು ಬಹಳ ಜನ ಕೇಳುತ್ತಾರೆ. ಜನಸಂಖ್ಯೆಯಿಂದ ಲೆಕ್ಕ ಹಾಕಬೇಡಿ, ಉತ್ತರಿಸುವವರ ಕೈಯಳತೆಯಿಂದ ಹಾಕಿ. ಆ ಕಚೇರಿ ತಿಂಗಳಿಗೆ ನಾಲ್ಕು ವಿಷಯಕ್ಕೆ ಕಡತ ನೋಡಿ, ಕಾನೂನು ನೋಡಿ, ಸರಿಯಾದ ಉತ್ತರ ಬರೆಯಬಲ್ಲದು ಎಂದಾದರೆ, ತಿಂಗಳಿಗೆ ನಾಲ್ಕೇ ದಾಟುವಂತಿರಲಿ. ಸಂಖ್ಯೆ ಊಹಿಸಲು ಆಗದಿದ್ದರೆ ಮೊದಲ ಆರು ತಿಂಗಳು ಗಡಿಯೇ ಬೇಡ. ಪ್ರತಿ ತಿಂಗಳ ಕೊನೆಗೆ ಹೆಚ್ಚು ಬೆಂಬಲ ಪಡೆದ ನಾಲ್ಕಕ್ಕೆ ಉತ್ತರ ಎಂದು ಸಾರಿಬಿಡಿ. ಗಡಿಯನ್ನು ಆಮೇಲೆ ಇಳಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಏರಿಸಿದರೆ ಬಾಗಿಲು ಮುಚ್ಚಿದ ಹಾಗೆ ಕಾಣುತ್ತದೆ.

ಬೈಗುಳಕ್ಕೆ ಜಾಗವಿಲ್ಲದ ಪುಟ

2014ರ ಮಾರ್ಚ್‌ನಲ್ಲಿ ತೈವಾನ್‌ನ ವಿದ್ಯಾರ್ಥಿಗಳು ಚೀನಾದ ಜೊತೆಗಿನ ಸೇವಾ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ ಸಂಸತ್ ಭವನದೊಳಗೆ ನುಗ್ಗಿ ಮೂರು ವಾರಕ್ಕೂ ಹೆಚ್ಚು ಕಾಲ ಕೂತರು. ಸೂರ್ಯಕಾಂತಿ ಚಳವಳಿ ಎಂದು ಅದಕ್ಕೆ ಹೆಸರು. ಅದೇ ವರ್ಷದ ಕೊನೆಗೆ ಅಲ್ಲಿನ ಸಚಿವೆಯೊಬ್ಬರು ‘ಗವ್ ಝೀರೋ’ ಎಂಬ ತಂತ್ರಜ್ಞರ ಬಳಗದ ಬಳಿಗೆ ಬಂದು, ಕಾನೂನು ಮಾಡುವ ಮೊದಲು ಜನರ ಜೊತೆ ಚರ್ಚಿಸುವ ದಾರಿ ಕಟ್ಟಿಕೊಡಿ ಎಂದರು. ಹೀಗೆ ಹುಟ್ಟಿದ್ದು ‘ವಿತೈವಾನ್’. ಅದರ ಹೆಸರುವಾಸಿಯಾದ ಪ್ರಕರಣ 2015ರ ಊಬರ್ ವಿವಾದ. ಟ್ಯಾಕ್ಸಿ ಚಾಲಕರು ಒಂದು ಕಡೆ, ಆ್ಯಪ್‌ನ ಪ್ರಯಾಣಿಕರು ಇನ್ನೊಂದು ಕಡೆ. ನಮ್ಮಲ್ಲಿ ಆಟೋ ಮತ್ತು ಬೈಕ್ ಟ್ಯಾಕ್ಸಿ ಜಗಳ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಅಲ್ಲಿ ಬಳಸಿದ ಸಾಧನ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ‘ಪೋಲಿಸ್’. ನಗರ ಎಂಬ ಅರ್ಥದ ಗ್ರೀಕ್ ಪದ ಅದು. (ಕನ್ನಡದಲ್ಲಿ ಬಳಸುವಾಗ ಈ ಹೆಸರನ್ನು ಜನರಿಗೆ ತೋರಿಸಬೇಡಿ. ‘ಪೋಲಿಸ್‌ನಲ್ಲಿ ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಲಿಂಕ್ ಬಂದರೆ ಯಾರು ಒತ್ತುತ್ತಾರೆ?) ಅದರ ಪುಟ ತೆರೆದರೆ ಒಂದು ಹೊತ್ತಿಗೆ ಒಂದೇ ಹೇಳಿಕೆ ಕಾಣುತ್ತದೆ, 140 ಅಕ್ಷರದ ಮಿತಿಯೊಳಗೆ. ಬರೆದವರ ಹೆಸರಿಲ್ಲ. ಕೆಳಗೆ ಮೂರು ಗುಂಡಿ: ಒಪ್ಪುತ್ತೇನೆ, ಒಪ್ಪುವುದಿಲ್ಲ, ಮುಂದಕ್ಕೆ. ಒತ್ತಿದರೆ ಇನ್ನೊಂದು ಹೇಳಿಕೆ ಬರುತ್ತದೆ. ಬೇಕಿದ್ದರೆ ನೀವೂ ಒಂದು ಹೇಳಿಕೆ ಸೇರಿಸಬಹುದು. ಒಬ್ಬರ ಹೇಳಿಕೆಗೆ ಇನ್ನೊಬ್ಬರು ಪ್ರತ್ಯುತ್ತರ ಕೊಡುವ ಗುಂಡಿ ಮಾತ್ರ ಇಲ್ಲ, ಬೇಕೆಂದೇ ಇಟ್ಟಿಲ್ಲ. ಹೇಳಿಕೆ ಇಷ್ಟವಾಗದಿದ್ದರೆ ಅದಕ್ಕಿಂತ ಒಳ್ಳೆಯ ಹೇಳಿಕೆ ಬರೆಯುವುದೊಂದೇ ದಾರಿ.

ಇದರಿಂದ ಎರಡು ಲಾಭ. ಬೈಗುಳದ ಸರಪಳಿ ಬೆಳೆಯುವುದಿಲ್ಲ, ಇದು ಎಲ್ಲರಿಗೂ ಹೊಳೆಯುವ ಲಾಭ. ಎರಡನೆಯದು ಭಾಗವಹಿಸುವಿಕೆಗೆ ಸಂಬಂಧಪಟ್ಟದ್ದು. ಆನ್‌ಲೈನ್ ಬಳಗಗಳಲ್ಲಿ ನೂರಕ್ಕೆ ತೊಂಬತ್ತು ಜನ ಬರೀ ಓದುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಒಬ್ಬರೇ ಹೆಚ್ಚಿನದನ್ನು ಬರೆಯುತ್ತಾರೆ ಎಂದು ಜಾಲತಾಣ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲೇ ಹೇಳಿದ್ದರು. ಪ್ರತ್ಯುತ್ತರದ ವೇದಿಕೆಯಲ್ಲಿ ಆ ತೊಂಬತ್ತು ಜನ ಲೆಕ್ಕಕ್ಕೇ ಇಲ್ಲ. ಇಲ್ಲಿ ಗುಂಡಿ ಒತ್ತಿದವರೆಲ್ಲ ಚರ್ಚೆಯ ಒಳಗಿದ್ದಾರೆ. ಮಗುವನ್ನು ಮಲಗಿಸುತ್ತಾ, ಬಸ್ಸಿಗೆ ಕಾಯುತ್ತಾ ಎರಡು ನಿಮಿಷದಲ್ಲಿ ಹದಿನೈದು ಹೇಳಿಕೆಗೆ ಅಭಿಪ್ರಾಯ ಕೊಡಬಹುದು.

ಐಸ್‌ಲ್ಯಾಂಡ್‌ನ ರಾಜಧಾನಿಯ ‘ಬೆಟರ್ ರೇಕ್ಯಾವಿಕ್’ ವೇದಿಕೆ 2010ರಿಂದ ಇನ್ನೊಂದು ದಾರಿ ಹಿಡಿದಿದೆ. ಪ್ರತಿ ಪ್ರಸ್ತಾವದ ಕೆಳಗೆ ಎರಡು ಸಾಲು: ಎಡಕ್ಕೆ ಪರವಾದ ಕಾರಣಗಳು, ಬಲಕ್ಕೆ ವಿರುದ್ಧದವು. ಎದುರಿನವರ ಕಾರಣದ ಕೆಳಗೆ ಜಗಳ ಹೂಡಲು ಬರುವುದಿಲ್ಲ, ನಿಮ್ಮ ಕಾರಣವನ್ನು ನಿಮ್ಮ ಸಾಲಿನಲ್ಲಿ ಬರೆಯಬೇಕು. ವಿಷಯ ಒಂದೇ, ತೀರ್ಮಾನ ಹೌದು ಅಥವಾ ಅಲ್ಲ ಎನ್ನುವಂಥದ್ದಾದರೆ ಇದು ಸಾಕು. ವಿಷಯಕ್ಕೆ ಹತ್ತು ಮುಖ ಇದ್ದರೆ ಪೋಲಿಸ್ ಬಗೆಯದ್ದೇ ಮೇಲು.

ಬಹುಮತ ಒಂದೇ ಸಾಕಾಗದ ಗಣಿತ

ಪೋಲಿಸ್‌ನ ಒಳಗೆ ನಡೆಯುವುದೇನು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಯಾರು ಯಾವ ಹೇಳಿಕೆಗೆ ಏನು ಒತ್ತಿದರು ಎಂಬ ದೊಡ್ಡ ಕೋಷ್ಟಕ ತಯಾರಾಗುತ್ತದೆ. ಒಂದೇ ರೀತಿ ಒತ್ತಿದವರನ್ನು ಹತ್ತಿರ ಇಟ್ಟು, ಎರಡರಿಂದ ಐದು ಗುಂಪು ಮಾಡುತ್ತದೆ. ನೀವು ಯಾವ ಪಕ್ಷ, ಯಾವ ಜಾತಿ ಎಂದು ಕೇಳುವುದೇ ಇಲ್ಲ; ಗುಂಪು ಹುಟ್ಟುವುದು ಅಭಿಪ್ರಾಯದಿಂದ. ಕನಿಷ್ಠ ಏಳು ಹೇಳಿಕೆಗೆ ಒತ್ತದವರನ್ನು ಗುಂಪಿಗೆ ಸೇರಿಸುವುದಿಲ್ಲ. ಆದ್ದರಿಂದ ನಿಮ್ಮ ಮೊದಲ ಏಳು ಹೇಳಿಕೆ ಬೇಸರ ತರಿಸಿದರೆ ಆ ಮನುಷ್ಯ ಲೆಕ್ಕಕ್ಕೆ ಸಿಗುವುದಿಲ್ಲ.

ಈಗ ಎಣಿಕೆ. 1,000 ಜನ ಬಂದಿದ್ದಾರೆ ಎನ್ನಿ. ಒಂದು ಗುಂಪಿನಲ್ಲಿ 800, ಇನ್ನೊಂದರಲ್ಲಿ 200. ಮೊದಲ ಹೇಳಿಕೆಗೆ ದೊಡ್ಡ ಗುಂಪಿನ 760 ಜನ, ಚಿಕ್ಕ ಗುಂಪಿನ 20 ಜನ ಒಪ್ಪಿದರು. ಒಟ್ಟು ಶೇ. 78. ಎರಡನೆಯದಕ್ಕೆ 560 ಮತ್ತು 140, ಒಟ್ಟು ಶೇ. 70. ಸಾಮಾನ್ಯ ಮತ ಎಣಿಕೆಯಲ್ಲಿ ಮೊದಲನೆಯದೇ ಗೆದ್ದಿತು. ಪೋಲಿಸ್ ಪ್ರತಿ ಗುಂಪಿನ ಒಪ್ಪಿಗೆಯ ಪ್ರಮಾಣವನ್ನು ಒಂದಕ್ಕೊಂದು ಗುಣಿಸುತ್ತದೆ. ಮೊದಲನೆಯದು 0.95 ಗುಣಿಲೆ 0.10, ಅಂದರೆ ಸುಮಾರು 0.10. ಎರಡನೆಯದು 0.70 ಗುಣಿಲೆ 0.70, ಅಂದರೆ 0.49. ಎರಡನೆಯ ಹೇಳಿಕೆ ಮೇಲಕ್ಕೆ ಬರುತ್ತದೆ. ಸಂಖ್ಯೆಯಲ್ಲಿ ಚಿಕ್ಕದಾದ ಗುಂಪನ್ನು ತುಳಿದು ಮೇಲೇರಲು ಆಗದು. ‘ನಾವು ಕಡಿಮೆ ಜನ, ನಮ್ಮ ಮಾತು ಯಾರು ಕೇಳ್ತಾರೆ’ ಎಂದು ದೂರ ಉಳಿಯುವವರನ್ನು ಕರೆತರಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಈ ಎಣಿಕೆಯನ್ನು ವೇದಿಕೆಯಲ್ಲೇ, ಇದೇ ಉದಾಹರಣೆಯಷ್ಟು ಸರಳವಾಗಿ ಬರೆದಿಡಬೇಕು.

ಊಬರ್ ಚರ್ಚೆ ಸುಮಾರು ನಾಲ್ಕು ವಾರ ನಡೆಯಿತು. ಆರಂಭದಲ್ಲಿ ಗುಂಪುಗಳು ದೂರ ದೂರ ಇದ್ದವು. ಪರ-ವಿರೋಧದ ಘೋಷಣೆಗಳಿಗೆ ಅರ್ಧದಷ್ಟೇ ಬೆಂಬಲ ಸಿಕ್ಕಿತ್ತು. ಎರಡೂ ಕಡೆಯವರ ಒಪ್ಪಿಗೆ ಬೇಕೆಂದರೆ ಬರೆಯುವ ಧಾಟಿಯೇ ಬದಲಾಗಬೇಕಲ್ಲ! ಸುರಕ್ಷತೆ, ವಿಮೆ, ನೋಂದಣಿ, ಟ್ಯಾಕ್ಸಿ ಸೇವೆಯ ಗುಣಮಟ್ಟ ಎಂದು ಹೇಳಿಕೆಗಳು ಬರತೊಡಗಿದವು. ಈ ಸಂದರ್ಭ ಬಳಸಿಕೊಂಡು ಟ್ಯಾಕ್ಸಿಗಳ ಗುಣಮಟ್ಟವನ್ನೂ ಸರ್ಕಾರ ಮೇಲೆತ್ತಬೇಕು ಎಂಬರ್ಥದ ಹೇಳಿಕೆಗೆ ಎರಡೂ ಕಡೆಯಿಂದ ಶೇ. 90 ದಾಟಿದ ಒಪ್ಪಿಗೆ ಸಿಕ್ಕಿತು. ಆಮೇಲೆ ಸಚಿವಾಲಯ, ಟ್ಯಾಕ್ಸಿ ಸಂಘಗಳು, ಊಬರ್ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ, ನೇರಪ್ರಸಾರದಲ್ಲಿ ಜನ ಒಪ್ಪಿದ್ದನ್ನು ಒಂದೊಂದಾಗಿ ಓದಿ ‘ಇದಕ್ಕೆ ಏನು ಹೇಳುತ್ತೀರಿ’ ಎಂದು ಕೇಳಿದರು. 2016ರಲ್ಲಿ ಹೊಸ ಬಗೆಯ ಟ್ಯಾಕ್ಸಿಗೆ ನಿಯಮ ಬಂತು: ಹಳದಿ ಬಣ್ಣ ಬೇಕಿಲ್ಲ, ಆ್ಯಪ್‌ನಲ್ಲೇ ಕಾಯ್ದಿರಿಸಬೇಕು, ದರ ಮೀಟರಿಗಿಂತ ಕಡಿಮೆ ಇರಬಾರದು. ಜಗಳ ಅಲ್ಲಿಗೇ ಮುಗಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಊಬರ್ ಸೇವೆ ನಿಲ್ಲಿಸಿ, ಏಪ್ರಿಲ್‌ನಲ್ಲಿ ಬಾಡಿಗೆ ಕಾರು ಕಂಪನಿಗಳ ಜೊತೆ ಸೇರಿ ಮರಳಿ ಬಂತು. ಆದರೂ ಚರ್ಚೆಗೆ ಬಂದವರಿಗೆ ತಮ್ಮ ಮಾತು ನಿಯಮದಲ್ಲಿ ಎಲ್ಲಿ ಕೂತಿದೆ ಎಂದು ಬೊಟ್ಟು ಮಾಡಿ ತೋರಿಸಲು ಸಾಧ್ಯವಿತ್ತು.

ಹೇಳಿಕೆ ಬರೆಯುವುದು ಒಂದು ಕಸುಬು

ಖಾಲಿ ಪುಟ ತೆರೆದು ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ಯಾರೂ ಬರೆಯುವುದಿಲ್ಲ. ಮೊದಲ ದಿನಕ್ಕೇ 15ರಿಂದ 25 ಹೇಳಿಕೆ ಬಿತ್ತನೆ ಬೀಜದ ಹಾಗೆ ಹಾಕಿರಬೇಕು. ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಹೈಕೋರ್ಟ್ ಆದೇಶದಂತೆ 2025ರ ಜೂನ್ 16ರಿಂದ ಕರ್ನಾಟಕದಲ್ಲಿ ಬೈಕ್ ಟ್ಯಾಕ್ಸಿ ನಿಂತಾಗ ಇಂಥ ಚರ್ಚೆ ಇಟ್ಟಿದ್ದರೆ, ಹೇಳಿಕೆ ಹೇಗಿರಬೇಕಿತ್ತು?

‘ಬೈಕ್ ಟ್ಯಾಕ್ಸಿ ನಿಷೇಧ ಸರಿಯಲ್ಲ, ಆದರೆ ಸುರಕ್ಷತೆ ನೋಡಬೇಕು, ಆಟೋದವರ ಲೂಟಿಗೂ ಕಡಿವಾಣ ಬೇಕು.’ ಇದು ಕೆಟ್ಟ ಹೇಳಿಕೆ. ಒಂದರಲ್ಲಿ ಮೂರಿದೆ. ಒಪ್ಪುತ್ತೇನೆ ಎಂದವರು ಯಾವುದನ್ನು ಒಪ್ಪಿದರು ಎಂದು ಗೊತ್ತಾಗುವುದಿಲ್ಲ. ‘ಲೂಟಿ’ ಎಂಬ ಪದ ಕಂಡ ಕೂಡಲೇ ಆಟೋ ಚಾಲಕ ಪುಟ ಮುಚ್ಚುತ್ತಾನೆ. ಬಿಡಿಸಿ ಬರೆಯಬೇಕು:

‘ಬೈಕ್ ಟ್ಯಾಕ್ಸಿಗೆ ಅನುಮತಿ ಕೊಡಬೇಕು.’
‘ಬೈಕ್ ಟ್ಯಾಕ್ಸಿಯಲ್ಲಿ ಹಿಂದೆ ಕೂರುವವರಿಗೂ ಅಪಘಾತ ವಿಮೆ ಕಡ್ಡಾಯವಾಗಿರಬೇಕು.’
‘ಆಟೋ ಮೀಟರ್ ದರವನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು.’
‘ಮೆಟ್ರೋ ನಿಲ್ದಾಣದಿಂದ ಮನೆಗೆ ಹೋಗಲು ನನ್ನ ಕೈಗೆಟಕುವುದು ಬೈಕ್ ಟ್ಯಾಕ್ಸಿ ಒಂದೇ.’

ಕೊನೆಯದು ಅನುಭವದ ಹೇಳಿಕೆ. ಹೀಗೆ ಬೇಕು, ಹಾಗೆ ಬೇಕು ಎನ್ನಲು ಹಿಂಜರಿಯುವವರೂ ‘ಇದು ನನಗೂ ಆಗಿದೆ’ ಎಂದು ಒತ್ತುತ್ತಾರೆ. ಬಿತ್ತುವ ಹೇಳಿಕೆಗಳಲ್ಲಿ ಮೂರರಲ್ಲೊಂದು ಪಾಲಾದರೂ ಹೀಗಿರಲಿ. ಇನ್ನು ಎರಡು ಪಾಲಿನಲ್ಲಿ ಪರ-ವಿರೋಧ ಎರಡೂ ಸಮನಾಗಿರಲಿ. ಅದಕ್ಕೂ ಮೊದಲು ಐದಾರು ಆಟೋ ಚಾಲಕರಿಗೆ, ಬೈಕ್ ಸವಾರರಿಗೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಹೆಣ್ಣುಮಕ್ಕಳಿಗೆ ಫೋನ್ ಮಾಡಿ ಅವರ ಮಾತನ್ನು ಅವರ ಪದಗಳಲ್ಲೇ ಬರೆದುಕೊಳ್ಳಿ. ಮೊದಲ ಹತ್ತು ಹೇಳಿಕೆಯಲ್ಲಿ ತಮ್ಮ ಮಾತು ಕಾಣದವರು ಇದು ನಮ್ಮ ಜಾಗವಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ.

ಹೇಳಿಕೆಯೊಳಗೆ ‘ಇಲ್ಲ’, ‘ಬಾರದು’ ತಪ್ಪಿಸಿ. ‘ಬೈಕ್ ಟ್ಯಾಕ್ಸಿ ನಿಷೇಧಿಸಬಾರದು’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಒತ್ತಿದರೆ ಅರ್ಥವೇನು? ಓದುವವರು ಒಂದು ಕ್ಷಣ ತಡವರಿಸುತ್ತಾರೆ, ನೂರರಲ್ಲಿ ಕೆಲವರಾದರೂ ಉಲ್ಟಾ ಒತ್ತುತ್ತಾರೆ. ಗುಂಡಿಯ ಪದಗಳಲ್ಲೂ ತೊಂದರೆ ಇದೆ. ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಎರಡೂ ಶುರುವಾಗುವುದು ‘ಒಪ್ಪು’ ಎಂದೇ. ಚಿಕ್ಕ ಪರದೆಯಲ್ಲಿ, ಕನ್ನಡಕ ಮರೆತವರಿಗೆ ಎರಡೂ ಒಂದೇ. ‘ಹೌದು’, ‘ಅಲ್ಲ’, ‘ಹೇಳಲಾರೆ’ ಎಂದಿಟ್ಟರೆ ದೂರದಿಂದಲೂ ಬೇರೆ ಬೇರೆಯಾಗಿ ಕಾಣುತ್ತವೆ.

ಕನ್ನಡದ ಅಕ್ಷರ, ಕಂಪ್ಯೂಟರಿನ ಎಣಿಕೆ

140 ಅಕ್ಷರ ಎಂದಾಗ ಕಂಪ್ಯೂಟರ್ ಎಣಿಸುವುದು ನಾವು ಎಣಿಸುವ ಹಾಗಲ್ಲ. ‘ಕ್ಷೇತ್ರ’ ನಮಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಕ, ಒತ್ತಕ್ಷರ ಮಾಡುವ ವಿರಾಮ (್), ಷ, ಏತ್ವ, ತ, ಮತ್ತೆ ವಿರಾಮ, ರ, ಹೀಗೆ ಏಳು. ಹಾಗಾಗಿ 140ರ ಮಿತಿಯಲ್ಲಿ ಕನ್ನಡದ ಹದಿನೈದು ಹದಿನಾರು ಪದ ಹಿಡಿದರೆ ಹೆಚ್ಚು. ಇಂಗ್ಲಿಷ್‌ಗೆ ಹೊಲಿದ ಮಿತಿಯನ್ನು ಹಾಗೇ ತೊಡಿಸಿದರೆ ಕನ್ನಡದವರ ವಾಕ್ಯ ಅರ್ಧಕ್ಕೇ ತುಂಡಾಗುತ್ತದೆ. 220–240ಕ್ಕೆ ಏರಿಸಿ, ಇಲ್ಲವೇ ಮಿತಿಯನ್ನು ಪದಗಳಲ್ಲಿ ಹೇಳಿ.

ಎಸ್‌ಎಂಎಸ್‌ನದೂ ಇದೇ ಕಥೆ. ಇಂಗ್ಲಿಷ್ ಅಕ್ಷರದ ಒಂದು ಸಂದೇಶಕ್ಕೆ 160, ಕನ್ನಡದ್ದಕ್ಕೆ 70. ಉದ್ದವಾದರೆ ತುಂಡಿಗೆ 67. ಆಮಂತ್ರಣವನ್ನು ಕನ್ನಡದಲ್ಲಿ ಕಳಿಸುವಾಗ ಎರಡು ಮೂರು ಸಂದೇಶದ ಖರ್ಚನ್ನು ಬಜೆಟ್‌ನಲ್ಲಿ ಹಿಡಿಯಿರಿ. ಸಗಟು ಸಂದೇಶದ ಪಠ್ಯವನ್ನು ಮೊದಲೇ ಡಿಎಲ್‌ಟಿಯಲ್ಲಿ (ದೂರಸಂಪರ್ಕ ಕಂಪನಿಗಳ ನೋಂದಣಿ ವ್ಯವಸ್ಥೆ) ನೋಂದಾಯಿಸಬೇಕು. ಹಿಂದಿನ ದಿನ ನೆನಪಾದರೆ ಆಗದು.

ಹುಡುಕಾಟ ಇನ್ನೊಂದು ಗಂಟು. ‘ರಸ್ತೆ’ ಎಂದು ಹುಡುಕಿದರೆ ‘ರಸ್ತೆಗಳಲ್ಲಿ’ ಸಿಗಬಹುದು, ‘ಮರ’ ಎಂದು ಹುಡುಕಿದರೆ ‘ಮರಣ’ವೂ ಬರುತ್ತದೆ, ‘ಕೆರೆಯ ಹೂಳು’ ಎಂದವರ ಹೇಳಿಕೆಗೆ ‘ಕೆರೇಲಿ ತುಂಬಿರೋ ಮಣ್ಣು’ ಎಂದವರದ್ದು ಹೊಂದುವುದಿಲ್ಲ. ಎಷ್ಟೋ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದೂ ಉಂಟು. ಒಂದೇ ಮಾತು ಹಲವು ಸಲ ಬಂದು ಮತ ಹಂಚಿಹೋಗುವುದನ್ನು ಯಂತ್ರ ತಡೆಯಲಾರದು. ಆ ಕೆಲಸಕ್ಕೆ ಮನುಷ್ಯರೇ ಬೇಕು. ಬರೆಯಲು ಕಷ್ಟಪಡುವವರಿಂದ ಧ್ವನಿ ಸಂದೇಶ ಪಡೆದು, ಹೇಳಿಕೆಯಾಗಿ ಬರೆದು, ‘ನೀವು ಹೇಳಿದ್ದು ಇದೇ ಅಲ್ಲವೇ’ ಎಂದು ಓದಿ ಹೇಳಿ ಒಪ್ಪಿಗೆ ಪಡೆದ ಮೇಲೆ ಹಾಕಬೇಕು.

ಭಾಷೆಯ ಮಾತು ಬಂದಾಗ 2020ರ ಪರಿಸರ ಪರಿಣಾಮ ಅಧಿಸೂಚನೆಯ ಕರಡನ್ನು ಮರೆಯುವಂತಿಲ್ಲ. ದೇಶದ ಗಣಿ, ಅಣೆಕಟ್ಟು, ಕಾರ್ಖಾನೆಗಳಿಗೆಲ್ಲ ಸಂಬಂಧಿಸಿದ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇತ್ತು. ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಲ್ಲೂ ಪ್ರಕಟಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ಆದೇಶ ಕೊಟ್ಟಿತು. ಕಾನೂನು ಮಾಡುವ ಮೊದಲು ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಸರಳ ಭಾಷೆಯ ವಿವರಣೆ ಜೊತೆಗಿರಬೇಕು ಎಂಬ ಕೇಂದ್ರದ ನೀತಿ 2014ರಿಂದಲೂ ಇದೆ. ಪಾಲಾರಿನ ದಡದ ರೈತನಿಗೋ ಕಾಳಿ ದಂಡೆಯ ಮೀನುಗಾರನಿಗೋ ಓದಲಾಗದ ಕರಡಿಗೆ ಆತ ಉತ್ತರಿಸಲಿಲ್ಲ ಎಂದು ದೂರುವುದು ಅನ್ಯಾಯ.

ಹೆಸರು ಬೇಕೇ?

ನಿಜ ಹೆಸರು ಕಡ್ಡಾಯ ಮಾಡಿದರೆ ಎಲ್ಲರೂ ಸಭ್ಯರಾಗುತ್ತಾರೆ ಎಂಬ ನಂಬಿಕೆ ಬಲವಾಗಿದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಿಗೆ ಇದನ್ನು ಕಾನೂನಾಗಿ ತಂದಿತು. 2011ರಲ್ಲಿ ಅಲ್ಲಿನ ಒಂದು ದೊಡ್ಡ ಜಾಲತಾಣಕ್ಕೆ ಕನ್ನ ಬಿದ್ದು ಸುಮಾರು 3.5 ಕೋಟಿ ಜನರ ಮಾಹಿತಿ ಸೋರಿತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ಒಮ್ಮತದಿಂದ ರದ್ದುಮಾಡಿತು.

ನಮ್ಮಲ್ಲಿ ಹೆಸರು ಬರೀ ಹೆಸರಲ್ಲ. ಹೆಸರಿನ ಕೊನೆಯ ತುಂಡು ಓದಿದರೆ ಜಾತಿ, ಊರು, ಧರ್ಮ ಗೊತ್ತಾಗುತ್ತದೆ. ಮಾತು ಓದುವ ಮೊದಲೇ ಆಡಿದವರನ್ನು ತೂಗಿಬಿಡುತ್ತೇವೆ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳ ಭಯ, ಊರಿನ ಹೆಣ್ಣುಮಕ್ಕಳಿಗೆ ಮನೆಯವರ ಭಯ. ಆದ್ದರಿಂದ ಒಳಗೆ ಬರುವಾಗ ಫೋನ್ ಸಂಖ್ಯೆಯಿಂದ ಒಬ್ಬರಿಗೊಂದೇ ಖಾತೆ ಎಂದು ಖಚಿತಪಡಿಸಿಕೊಳ್ಳಿ, ಹೊರಗೆ ಹೆಸರು ತೋರಿಸಬೇಡಿ. ಆ ಸಂಖ್ಯೆಯನ್ನೂ ಅಭಿಪ್ರಾಯಗಳನ್ನೂ ಒಂದೇ ಕಡೆ ಇಡಬೇಡಿ. ಎಷ್ಟು ದಿನಕ್ಕೆ ಅಳಿಸುತ್ತೀರಿ ಎಂದು ಮೊದಲ ಪುಟದಲ್ಲೇ ಬರೆಯಿರಿ.

2015ರಲ್ಲಿ ನಮ್ಮ ದೇಶದಲ್ಲೇ ಆದದ್ದು ಪಾಠವಾಗಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಮಾರ್ಚ್‌ನಲ್ಲಿ 118 ಪುಟದ, 20 ಪ್ರಶ್ನೆಯ ಸಮಾಲೋಚನಾ ಪತ್ರ ಹೊರತಂದಿತು. ಅಂತರ್ಜಾಲ ತಟಸ್ಥತೆಯ (ಎಲ್ಲ ತಾಣಗಳಿಗೂ ಒಂದೇ ದರ, ಒಂದೇ ವೇಗ) ಪರ ಇದ್ದ ಸ್ವಯಂಸೇವಕರು ಆ ಪ್ರಶ್ನೆಗಳನ್ನು ಸರಳ ಮಾಡಿ, ಉತ್ತರದ ಕರಡು ಕೊಟ್ಟು, ಒಂದು ಗುಂಡಿ ಒತ್ತಿದರೆ ಇಮೇಲ್ ಹೋಗುವಂತೆ ಮಾಡಿದರು. ಒಂದೇ ತಿಂಗಳಲ್ಲಿ 10 ಲಕ್ಷ ದಾಟಿತು. ಆಮೇಲೆ ಪ್ರಾಧಿಕಾರ ಬರೆದವರೆಲ್ಲರ ಇಮೇಲ್ ವಿಳಾಸಗಳನ್ನು ಹಾಗೇ ಪ್ರಕಟಿಸಿಬಿಟ್ಟಿತು. ಪಾರದರ್ಶಕತೆಗೆ ಉತ್ತರಗಳು ಸಾಕಿತ್ತು, ವಿಳಾಸ ಬೇಕಿರಲಿಲ್ಲ. ಒಮ್ಮೆ ಹಾಗಾದರೆ ಮುಂದಿನ ಸಲ ಜನ ಎರಡು ಸಲ ಯೋಚಿಸುತ್ತಾರೆ.

ಅದೇ ವರ್ಷದ ಕೊನೆಗೆ ಎರಡನೇ ಸುತ್ತು. ಫೇಸ್‌ಬುಕ್ ಕೆಲವೇ ತಾಣಗಳನ್ನು ಬಿಟ್ಟಿಯಾಗಿ ತೋರಿಸುವ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಯ ಪರವಾಗಿ ಬಳಕೆದಾರರಿಂದ ಲಕ್ಷಗಟ್ಟಲೆ ಸಂದೇಶ ಹೋಗುವಂತೆ ಮಾಡಿತು. ಕೇಳಿದ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವೇ ಇಲ್ಲ ಎಂದು ಪ್ರಾಧಿಕಾರ ಹೇಳಿತು. 2016ರ ಫೆಬ್ರವರಿ 8ರಂದು ತಾಣಕ್ಕೊಂದು ದರ ಎಂಬ ಭೇದಭಾವದ ಡೇಟಾ ದರಗಳನ್ನು ನಿಷೇಧಿಸಿತು. ಎರಡು ಸುತ್ತಿನಲ್ಲೂ ಗುಂಡಿ ಒಂದೇ ಒತ್ತಿನದು. ಮೊದಲನೆಯದರಲ್ಲಿ ಆ ಒತ್ತಿನ ಒಳಗೆ 20 ಪ್ರಶ್ನೆಗಳ ಉತ್ತರವಿತ್ತು, ಎರಡನೆಯದರಲ್ಲಿ ‘ಬೆಂಬಲಿಸುತ್ತೇನೆ’ ಎಂಬುದಷ್ಟೇ. ದಾರಿಯನ್ನು ಸುಲಭ ಮಾಡಿ, ಪ್ರಶ್ನೆಯನ್ನು ಟೊಳ್ಳು ಮಾಡಬೇಡಿ.

ಕೊನೆಗೆ ಬಂದ ಕೆಲವು ಪ್ರಶ್ನೆಗಳು

ಎಷ್ಟು ಜನ, ಎಷ್ಟು ದಿನ ಬೇಕು ಎಂದು ಒಬ್ಬರು ಕೇಳಿದರು. ಒಂದು ತಾಲ್ಲೂಕು ಅಥವಾ ನಗರದ ಮಟ್ಟದ ಒಂದು ವಿಷಯಕ್ಕೆ ನಾಲ್ಕು ವಾರ ಚರ್ಚೆ, ಅದಕ್ಕೆ ಮೊದಲು ಮೂರು ವಾರ ತಯಾರಿ. ಬರುವ ಹೇಳಿಕೆಗಳನ್ನು ನೋಡಲು ಪಾಳಿಯಲ್ಲಿ ಮೂವರು. ಬೆಳಿಗ್ಗೆ ಕಳಿಸಿದ ಹೇಳಿಕೆ ಮಧ್ಯಾಹ್ನದೊಳಗೆ ಕಾಣಬೇಕು. ಎರಡು ದಿನ ತಡವಾದರೆ ಬರೆದವರು ಮರಳಿ ಬರುವುದಿಲ್ಲ. ತಿರಸ್ಕರಿಸಲು ಮೂರೇ ಕಾರಣ: ಈಗಾಗಲೇ ಇದೆ, ವಿಷಯಕ್ಕೆ ಸಂಬಂಧವಿಲ್ಲ, ವ್ಯಕ್ತಿ ಅಥವಾ ಜಾತಿ ನಿಂದನೆ. ಕಾರಣವನ್ನು ಬರೆದವರಿಗೆ ತಿಳಿಸಬೇಕು. ಮೂರನೇ ವಾರದ ನಂತರ ಬಂದ ಹೇಳಿಕೆಗೆ ಸಾಕಷ್ಟು ಮತ ಬೀಳುವುದಿಲ್ಲ, ಆದ್ದರಿಂದ ಕೊನೆಯ ವಾರ ಹೊಸ ಹೇಳಿಕೆ ನಿಲ್ಲಿಸಿ ಬರೀ ಮತಕ್ಕೆ ಬಿಡಿ. ದೀಪ ಉರಿಯುತ್ತಿಲ್ಲ, ನಲ್ಲಿ ಬರುತ್ತಿಲ್ಲ ಎಂಬ ಕುಂದುಕೊರತೆಗಳು ಬಂದೇ ಬರುತ್ತವೆ. ಅವಕ್ಕೆ ಬೇರೆ ಬಾಗಿಲು ತೋರಿಸಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ಚರ್ಚೆ ಮುಳುಗುತ್ತದೆ.

ಪಕ್ಷಗಳ ಐಟಿ ಸೆಲ್ ನುಗ್ಗಿದರೆ? ಒಂದೇ ಗುಂಪಿನವರು ಸಾವಿರ ಜನ ಬಂದರೂ ಗುಣಾಕಾರದ ಲೆಕ್ಕದಲ್ಲಿ ಅವರು ಒಂದು ಗುಂಪೇ. ಅಷ್ಟರಿಂದಲೇ ನೆಮ್ಮದಿಯಾಗಿ ಇರಬೇಡಿ, ಅವರು ಎರಡು ವೇಷದಲ್ಲಿ ಬರಬಹುದು. ಒಂದೇ ಗಂಟೆಯಲ್ಲಿ ಹುಟ್ಟಿದ ಖಾತೆಗಳು ಒಂದೇ ಕ್ರಮದಲ್ಲಿ ಒತ್ತಿವೆಯೇ ಎಂದು ದಿನಕ್ಕೊಮ್ಮೆ ನೋಡಿ. ಮುಗಿದ ಮೇಲೆ ವೈಯಕ್ತಿಕ ಮಾಹಿತಿ ತೆಗೆದ ಪೂರ್ತಿ ಕೋಷ್ಟಕವನ್ನು ಯಾರು ಬೇಕಾದರೂ ಪರೀಕ್ಷಿಸುವಂತೆ ಹೊರಗಿಡಿ. ಬಾರದೇ ಉಳಿದವರನ್ನೂ ಎಣಿಸಬೇಕು. ವಯಸ್ಸು, ವಾರ್ಡ್ ಅಥವಾ ಹೋಬಳಿ, ಹೆಣ್ಣೋ ಗಂಡೋ, ಇಷ್ಟನ್ನು ಐಚ್ಛಿಕವಾಗಿ ಕೇಳಿ ವಾರಕ್ಕೊಮ್ಮೆ ಜನಗಣತಿಯ ಜೊತೆ ಹೋಲಿಸಿ. ಎರಡನೇ ವಾರದಲ್ಲಿ ಮಹಿಳೆಯರು ನೂರಕ್ಕೆ ಇಪ್ಪತ್ತೇ ಇದ್ದರೆ ಸ್ತ್ರೀಶಕ್ತಿ ಸಂಘದ ಸಭೆಗೆ ಫೋನ್ ಹಿಡಿದುಕೊಂಡು ಹೋಗಬೇಕಾದ್ದು ನೀವು.

ಶಾಸಕರೋ ಅಧಿಕಾರಿಗಳೋ ಉತ್ತರ ಕೊಡಲು ಒಪ್ಪದಿದ್ದರೆ ಏನು ಮಾಡುವುದು ಎಂಬುದು ಕೊನೆಯ ಪ್ರಶ್ನೆ. ತೈವಾನ್‌ನಲ್ಲೇ ಇದಕ್ಕೆ ಉದಾಹರಣೆ ಇದೆ. 2016ರಲ್ಲಿ ಆನ್‌ಲೈನ್ ಮದ್ಯ ಮಾರಾಟದ ಬಗ್ಗೆ ವಿತೈವಾನ್‌ನಲ್ಲಿ ಕೆಲವೇ ನೂರು ಜನ ಕೆಲವು ವಾರದಲ್ಲಿ ಒಮ್ಮತಕ್ಕೆ ಬಂದರು. ಕಾನೂನು ಮಾತ್ರ ವರ್ಷಗಟ್ಟಲೆ ಬದಲಾಗಲಿಲ್ಲ. ಆ ವೇದಿಕೆಯ ಶಿಫಾರಸುಗಳಿಗೆ ಸರ್ಕಾರ ಬದ್ಧವಾಗಿರಬೇಕೆಂಬ ನಿಯಮ ಇರಲಿಲ್ಲ. 2018ರ ನಂತರ ಅಲ್ಲಿ ಚರ್ಚೆಗಳೂ ಕಡಿಮೆಯಾದವು.

ಆದ್ದರಿಂದ ದೊಡ್ಡ ಕುರ್ಚಿಯವರು ಒಪ್ಪದಿದ್ದರೆ ದೊಡ್ಡ ಚರ್ಚೆ ತೆರೆಯಬೇಡಿ. ಒಪ್ಪುವ ಚಿಕ್ಕ ಕುರ್ಚಿ ಹುಡುಕಿ. ಒಬ್ಬ ಪಂಚಾಯಿತಿ ಅಧ್ಯಕ್ಷೆ, ‘ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಗ್ರಂಥಾಲಯಕ್ಕೆ ಮೊದಲೋ ಚರಂಡಿಗೆ ಮೊದಲೋ ಎಂದು ಕೇಳಿ, ಬಂದ ಮೊದಲ ಹತ್ತು ಹೇಳಿಕೆಗೆ ಮುಂದಿನ ಗ್ರಾಮಸಭೆಯಲ್ಲಿ ಓದಿ ಉತ್ತರ ಹೇಳುತ್ತೇನೆ, ನಡಾವಳಿ ಪುಸ್ತಕದಲ್ಲೂ ಬರೆಸುತ್ತೇನೆ’ ಎಂದರೆ ಅಲ್ಲಿಂದ ಶುರುಮಾಡಿ. ಆ ಸಭೆಯ ತಾರೀಕು ಗೊತ್ತಾದ ಮೇಲೆ ಲಿಂಕ್ ಕಳಿಸಿ. ಲಿಂಕ್‌ನ ಮೊದಲ ಸಾಲಿನಲ್ಲೇ ಆ ತಾರೀಕು, ಆ ಅಧ್ಯಕ್ಷೆಯ ಹೆಸರು ಇರಲಿ.